ಮಲ್ಲಪ್ಪ ಇದ್ದಾನೋ ಇಲ್ಲವೋ: ಲಾಗಿನ್ ಬಾಗಿಲ ಕುರಿತು ಅನಗವಾಡಿ ಮೀಮಾಂಸೆ

ಜಗತ್ತಿನ ಸಕಲ ಸರ್ವರ್‌ಗಳು ಕಲಿಯಬೇಕಾದ ವಿದ್ಯೆ ಬೀಳಗಿ ತಾಲೂಕಿನ ಅನಗವಾಡಿಯ ಚಹಾದಂಗಡಿಯಲ್ಲಿದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಘಟಪ್ರಭೆಯ ದಂಡೆಯ ಈ ಊರಿಗೆ ಸೇತುವೆ ದಾಟಿ ಬರುವ ಅಪರಿಚಿತರಲ್ಲಿ ಒಂದು ಪಂಗಡವನ್ನು ಶಾಸ್ತ್ರ ಪ್ರತ್ಯೇಕವಾಗಿ ಗುರುತಿಸುತ್ತದೆ. ಬೈಕಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ಮಡಚಿದ ಕಾಗದ ನೋಡಿಕೊಂಡು “ಇಲ್ಲಿ ಮಲ್ಲಪ್ಪ ಅಂತ ಅದಾರೇನ್ರಿ?” ಎಂದು ಕೇಳುವವರು ಅವರು. ಟ್ರ್ಯಾಕ್ಟರ್ ಸಾಲದ ಕಂತಿಗೆ ಬಂದವರೆಂದು ಊರಿನ ನಾಯಿಗೂ ಗೊತ್ತು.

ಅವರಿಗೆ ಸಿಗುವ ಉತ್ತರಗಳು ಮೂರು ಬಗೆ. “ಆ ಹೆಸರಿನವ್ರು ಯಾರೂ ಇಲ್ರಿ” ಎಂಬುದು ಮೊದಲನೆಯದು. “ನೀವು ಯಾವೂರವ್ರು? ಅವನ ಕೂಡ ಏನ್ ಕೆಲಸ?” ಎಂಬುದು ಎರಡನೆಯದು, ಇದನ್ನು ಹೇಳಿದವನು ತಾನು ಬಹಳ ಹುಷಾರು ಎಂದುಕೊಂಡಿರುತ್ತಾನೆ, ಆದರೆ ಮಲ್ಲಪ್ಪ ಇದ್ದಾನೆಂದು ಬಾಯಿಬಿಟ್ಟಾಗಿದೆ. “ಈಗ ಊರಾಗಿಲ್ರಿ” ಎಂಬ ಮೂರನೆಯದರಲ್ಲಿ ಮಲ್ಲಪ್ಪನ ಅಸ್ತಿತ್ವವಷ್ಟೇ ಅಲ್ಲ, ದಿನಚರಿಯೂ ಹೊರಬಿತ್ತು. ಇವನ್ನೆಲ್ಲ ಮೀರಿದ ಹಿರಿಯರೊಬ್ಬರು ಕಟ್ಟೆಯ ಮೇಲಿರುತ್ತಾರೆ. ಮಲ್ಲಪ್ಪನನ್ನು ಕೇಳಿದರೂ “ಯಾವ ಮಲ್ಲಪ್ಪರಿ?”, ಫರ್ನಾಂಡಿಸ್‌ನನ್ನು ಕೇಳಿದರೂ “ಯಾವ ಫರ್ನಾಂಡಿಸ್ರಿ?” ದನಿಯಲ್ಲಿ ಏರಿಲ್ಲ, ಇಳಿತವಿಲ್ಲ. ಸಿದ್ಧಾಂತ ಎನ್ನುವುದು ಇದಕ್ಕೆ.

ಎಷ್ಟೋ ಲಾಗಿನ್ ಪುಟಗಳು ಎರಡನೆಯ ಬಗೆಯ ಮೂಢರು. ಇಲ್ಲದ ಹೆಸರು ಹಾಕಿದರೆ ‘ಈ ಖಾತೆ ಇಲ್ಲ’, ಇರುವ ಹೆಸರು ಹಾಕಿದರೆ ‘ಪಾಸ್‌ವರ್ಡ್ ತಪ್ಪಾಗಿದೆ’. ಕಳ್ಳನಿಗೆ ಇಷ್ಟು ಸಾಕು. ಹೆಸರುಗಳ ಪಟ್ಟಿಯೊಂದನ್ನು ಪ್ರೋಗ್ರಾಂಗೆ ಕೊಟ್ಟು ರಾತ್ರಿಯಿಡೀ ಬಾಗಿಲು ತಟ್ಟಿಸುತ್ತಾನೆ. ಬೆಳಗಿಗೆ ಕಾಳು ಬೇರೆ, ಜೊಳ್ಳು ಬೇರೆ. ಪಾಸ್‌ವರ್ಡ್ ಊಹಿಸುವ ಕೆಲಸ ಆಮೇಲಿನದು. ಇದಕ್ಕೆ ಯೂಸರ್ ಎನ್ಯೂಮರೇಷನ್ ಎಂದು ಹೆಸರು. ಎರಡೂ ಸಂದರ್ಭಕ್ಕೆ ಒಂದೇ ಉತ್ತರ ಕೊಡಿ ಎಂದು ವೆಬ್ ಸುರಕ್ಷತೆಯ ಓವಾಸ್ಪ್ ಸಂಸ್ಥೆ ಹೇಳುತ್ತಲೇ ಇದೆ.

ಇಲ್ಲಿಗೆ ಶಾಸ್ತ್ರ ಮುಗಿಯಿತೆಂದು ಅಲ್ಪಜ್ಞರು ಎದ್ದು ಹೋಗುತ್ತಾರೆ. ಕಾಲಭೇದ ದೋಷ ಶುರುವಾಗುವುದೇ ಈಗ.

1979ರಲ್ಲಿ ಯುನಿಕ್ಸ್ ಪಾಸ್‌ವರ್ಡ್‌ಗಳ ಬಗ್ಗೆ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಒಂದು ಪ್ರಬಂಧ ಪ್ರಕಟಿಸಿದರು. ಊಹೆಯ ಆಟ ನಿಧಾನವಾಗಲಿ ಎಂದು ಪಾಸ್‌ವರ್ಡಿನ ಗೂಢಲಿಪೀಕರಣವನ್ನು ಬೇಕೆಂದೇ ಮಂದಗತಿಯದಾಗಿ ಮಾಡಿದ್ದರು. ಹೆಸರು ಇದ್ದರೆ ಮಾತ್ರ ಆ ಲೆಕ್ಕ ನಡೆಯುತ್ತಿತ್ತು, ಇಲ್ಲದ ಹೆಸರಿಗೆ ಏನನ್ನು ಹೋಲಿಸುವುದು? ಹೀಗಾಗಿ ಇಲ್ಲದವನಿಗೆ ಥಟ್ಟನೆ ಉತ್ತರ, ಇದ್ದವನಿಗೆ ಸುಮಾರು ಅರ್ಧ ಸೆಕೆಂಡ್ ತಡ. ಮಾತು ಒಂದೇ, ಆದರೆ ಉಗುಳು ನುಂಗಿದ್ದು ಕಂಡಿತು. ಕೊನೆಗೆ ಇಲ್ಲದ ಹೆಸರಿಗೂ ಸುಳ್ಳೇ ಲೆಕ್ಕ ಮಾಡುವಂತೆ ತಿದ್ದಿದರು. ಚಹಾದಂಗಡಿಯಲ್ಲೂ ಅಷ್ಟೇ: ‘ಯಾವ ಮಲ್ಲಪ್ಪರಿ’ ಎನ್ನುವ ಮೊದಲು ಹುಡುಗನೊಬ್ಬ ಪಕ್ಕದವನ ಮುಖ ನೋಡಿದರೆ ಸಾಲದವನು ಬೈಕಿನ ಸ್ಟ್ಯಾಂಡ್ ಹಾಕುತ್ತಾನೆ.

ಮುಂದಿನದು ಪುರಾಣಕ್ಕೆ ತಕ್ಕ ವಂಶಕಥೆ. 1988ರ ನವೆಂಬರ್ 2ರಂದು ಅಂತರ್ಜಾಲವನ್ನು ಹಣ್ಣುಗಾಯಿ ಮಾಡಿದ ‘ಹುಳು’ ಪ್ರೋಗ್ರಾಂ ಅನ್ನು ಬಿಟ್ಟವನು ಇದೇ ಮಾರಿಸರ ಮಗ. ಆ ಹುಳು ಹೊಕ್ಕ ಯಂತ್ರದ ಬಳಕೆದಾರರ ಪಟ್ಟಿ ತೆಗೆದು, ಪ್ರತಿ ಖಾತೆಗೂ ಖಾಲಿ ಪಾಸ್‌ವರ್ಡ್, ಅದೇ ಹೆಸರು, ಹೆಸರನ್ನು ತಿರುಗುಮುರುಗು ಮಾಡಿದ್ದು ಎಂದೆಲ್ಲ ಪ್ರಯತ್ನಿಸುತ್ತಿತ್ತು. ಅಪ್ಪ ಆ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಕಂಪ್ಯೂಟರ್ ಭದ್ರತಾ ಕೇಂದ್ರದಲ್ಲಿ ಮುಖ್ಯ ವಿಜ್ಞಾನಿಯಾಗಿದ್ದರು. ಆ ಮನೆಯಲ್ಲಿ ಅಂದು ರಾತ್ರಿ ಊಟಕ್ಕೆ ಏನು ಮಾಡಿದ್ದರೋ, ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಪಾಠ ಉಳಿಯಿತೇ? ದೂರದಿಂದ ಲಾಗಿನ್ ಆಗುವ ಸರ್ವರ್ ನಿರ್ವಾಹಕರ ಬೆನ್ನೆಲುಬಾದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇಲ್ಲದ ಹೆಸರಿಗೂ ಸುಳ್ಳು ಲೆಕ್ಕ ಹಾಕುವ ಪದ್ಧತಿ ಇತ್ತು. 2016ರಲ್ಲಿ ಅದರ ಹುಳುಕು ಹೊರಬಿತ್ತು. ಸುಳ್ಳು ಲೆಕ್ಕ ಬ್ಲೋಫಿಶ್ ಕ್ರಮದ್ದು, ನಿಜವಾದದ್ದು ಶಾ-256 ಅಥವಾ ಶಾ-512ರದ್ದು. ಹತ್ತು ಕಿಲೋಬೈಟ್ ಉದ್ದದ ಪಾಸ್‌ವರ್ಡ್ ತುರುಕಿದರೆ ನಿಜದ ಲೆಕ್ಕ ಏದುಸಿರು ಬಿಡುತ್ತಿತ್ತು, ಸುಳ್ಳಿನದು ಬೇಗ ಮುಗಿಯುತ್ತಿತ್ತು. ನಟನೆ ಇತ್ತು, ಅಭ್ಯಾಸ ಸಾಲದಾಯಿತು.

2018ರ ಆಗಸ್ಟ್‌ನದು ಇನ್ನೂ ಸೊಗಸು. ಕೀಲಿಯೊಡನೆ ಬೇಕೆಂದೇ ಕೆಡಿಸಿದ ಪೊಟ್ಟಣವೊಂದನ್ನು ಕಳಿಸಿದರೆ, ಇಲ್ಲದ ಬಳಕೆದಾರನ ಬಗ್ಗೆ ಸರ್ವರ್ ಸಭ್ಯವಾಗಿ ‘ಆಗುವುದಿಲ್ಲ’ ಎನ್ನುತ್ತಿತ್ತು. ಇರುವ ಬಳಕೆದಾರನಾದರೆ ಪೊಟ್ಟಣ ಬಿಚ್ಚಿ ನೋಡಿ, ಗಾಬರಿಯಾಗಿ, ಮಾತೇ ಆಡದೆ ಸಂಪರ್ಕ ಕಡಿದು ಓಡುತ್ತಿತ್ತು. 7.7ರವರೆಗಿನ ಆವೃತ್ತಿಗಳೆಲ್ಲ ಈ ರೋಗದವು, 7.8ರಲ್ಲಿ ಔಷಧ ಬಂತು. ಇದನ್ನು ಅನಗವಾಡಿಯಲ್ಲಿ ವಿವರಿಸಬೇಕಿಲ್ಲ. ಫೋನ್ ಎತ್ತಿ “ರಾಂಗ್ ನಂಬರ್ರಿ” ಎಂದವನು ನಿಜಕ್ಕೂ ರಾಂಗ್ ನಂಬರ್. ದನಿ ಕೇಳಿ ಕಟ್ ಮಾಡಿದವನೇ ಮಲ್ಲಪ್ಪ.

ಪೂರ್ವಪಕ್ಷದವರು ಇಲ್ಲಿ ಕೈ ಎತ್ತುತ್ತಾರೆ: ಹೆಸರೇನು ಗುಟ್ಟೇ? ಓಪನ್‌ಎಸ್‌ಎಸ್‌ಎಚ್ ಕರ್ತೃಗಳ ವಾದವೂ ಹತ್ತಿರಹತ್ತಿರ ಇದೇ. ತೂತು ಮುಚ್ಚಿದರು, ಆದರೆ ಅದನ್ನು ಮಹಾಪರಾಧವೆಂದು ಒಪ್ಪಲಿಲ್ಲ. ವಾದದಲ್ಲಿ ಹುರುಳಿದೆ. ಬಾಗಲಕೋಟೆ ಜಿಲ್ಲೆಯ ಯಾವ ಬಸ್ ನಿಲ್ದಾಣದಲ್ಲಾದರೂ “ಮಲ್ಲಪ್ಪಾ” ಎಂದು ಕೂಗಿದರೆ ನಾಲ್ಕು ತಲೆ ತಿರುಗುತ್ತವೆ. ಸರ್ವರ್‌ಗಳ ಲಾಗ್‌ನಲ್ಲಿ ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್ ಎಂದು ಹಗಲಿರುಳು ಕೂಗುವ ಬಾಟ್‌ಗಳದ್ದೂ ಇದೇ ನಂಬಿಕೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವನ್ನೂ ನೆನೆಯಬಹುದು. ನೋಂದಣಿ ಸಂಖ್ಯೆ ಒಂದೇ ಸಾಕಾಗಿದ್ದ ಕಾಲದಲ್ಲಿ, ತನ್ನ ಸಂಖ್ಯೆಗೆ ಒಂದು ಕೂಡಿಸಿ ಹಿಂದಿನ ಬೆಂಚಿನವನ ಗಣಿತದ ಅಂಕ ನೋಡದ ವಿದ್ಯಾರ್ಥಿ ಯಾರಿದ್ದಾನೆ? ಜನ್ಮದಿನಾಂಕವನ್ನೂ ಕೇಳಲು ತೊಡಗಿದ ಮೇಲೆ ಓಣಿಯ ಎಷ್ಟೋ ಸಂತೋಷ ಹಾಳಾಯಿತು. ಅಂದರೆ ಹೆಸರು, ಸಂಖ್ಯೆ ಗುಟ್ಟಲ್ಲದಿರಬಹುದು. ಅದರ ಬೆನ್ನಿಗೆ ಇನ್ನೇನೂ ಕಾವಲಿಲ್ಲದಾಗ ಮಾತ್ರ ಅದು ದುಬಾರಿಯಾಗುತ್ತದೆ.

ಒಂದು ಅಂಗಡಿಯ ಮಾತು ಇಷ್ಟಾಯಿತು. ಕ್ಲಸ್ಟರ್ ಎಂದರೆ ಇಡೀ ಪೇಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರ ಆರಂಭಕ್ಕೆ ಬಂದ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’ದಂಥ ಯಂತ್ರಗಳು ನೂರಾರು ಸರ್ವರ್‌ಗಳ ಕೂಟ, ಸಾಮಾನ್ಯವಾಗಿ ಬಳಕೆದಾರ ಒಳಬರುವುದು ಕೆಲವೇ ಲಾಗಿನ್ ನೋಡ್‌ಗಳ ಮೂಲಕ. ಇಂಥ ಕಡೆ ನಿರ್ವಾಹಕ ಒಂದು ನೋಡ್‌ಗೆ ಹೊಸ ಆವೃತ್ತಿ ಹಾಕಿ ಇನ್ನೊಂದನ್ನು ಮರೆತನೋ, ಕಳ್ಳನಿಗೆ ಎರಡು ಅಂಗಡಿಯಲ್ಲಿ ಎರಡು ಉತ್ತರ. ಐದು ಸಲ ತಪ್ಪಿದರೆ ಹೊರಗೆ ಹಾಕುವ ಫೇಲ್‌ಟುಬ್ಯಾನ್ ಕೂಡ ತನ್ನ ಯಂತ್ರದ ಲಾಗ್ ಮಾತ್ರ ಓದುತ್ತದೆ. ನಾಲ್ಕು ನೋಡ್ ಇದ್ದರೆ ಕಳ್ಳನಿಗೆ ಇಪ್ಪತ್ತು ಸಲ. ಕಿರಾಣಿ ಅಂಗಡಿಯಲ್ಲಿ ಬೈಸಿಕೊಂಡವನು ಹಿಟ್ಟಿನ ಗಿರಣಿಗೆ ಹೋಗಿ ಹೊಸದಾಗಿ ಕೇಳಿದಂತೆ. ನಿಷೇಧದ ಪಟ್ಟಿ ಎಲ್ಲರಿಗೂ ಒಂದೇ ಆಗಿರಬೇಕು.

ಊರ ಹೆಸರುಗಳ ಪಟ್ಟಿ ಯಾರ ಬಳಿ ಇರಬೇಕೆಂಬುದೂ ಶಾಸ್ತ್ರಾರ್ಥದ ವಿಷಯ. ಲಿನಕ್ಸ್ ಕ್ಲಸ್ಟರ್‌ಗಳಲ್ಲಿ ಬಳಕೆದಾರರ ವಿವರ ಸಾಮಾನ್ಯವಾಗಿ ಎಲ್‌ಡ್ಯಾಪ್ ಎಂಬ ಕೇಂದ್ರ ದಫ್ತರದಲ್ಲಿರುತ್ತದೆ. ಪ್ರತಿ ನೋಡ್‌ನ ಪರವಾಗಿ ಅದನ್ನು ವಿಚಾರಿಸುವುದು ಎಸ್‌ಎಸ್‌ಎಸ್‌ಡಿ. ‘ಎಲ್ಲರ ಹೆಸರೂ ಕೊಡು’ ಎಂಬ ಸೌಲಭ್ಯ ಅದರಲ್ಲಿ ಮೂಲತಃ ಬಂದ್ ಆಗಿಯೇ ಬರುತ್ತದೆ. ಉತ್ಸಾಹಿ ನಿರ್ವಾಹಕನೊಬ್ಬ ಅದನ್ನು ತೆರೆದರೆ ಗುಟ್ಟಿಗಿಂತ ಮೊದಲು ದಫ್ತರವೇ ಸಾಯುತ್ತದೆ: ನೂರು ನೋಡ್‌ಗಳು ಏಕಕಾಲಕ್ಕೆ ಸಾವಿರಾರು ಹೆಸರು ಕೇಳಿದಾಗ, ಲಾಗಿನ್ ಮಾಡಲು ಬಂದ ಸಭ್ಯ ವಿಜ್ಞಾನಿ ಬಾಗಿಲಲ್ಲೇ ನಿಲ್ಲುತ್ತಾನೆ. ಒಬ್ಬನ ಹೆಸರು ಹೇಳಿ ಕೇಳಿದರೆ ಉಂಟೋ ಇಲ್ಲವೋ ಹೇಳು, ಊರಿಡೀ ಓದಿ ಹೇಳಬೇಡ. ಹಳೆಯ ಶಾನುಭೋಗರದೂ ಇದೇ ನೀತಿಯಾಗಿತ್ತು, ಕಾರಣ ಬೇರೆ.

ಇಷ್ಟಾದರೂ 2020ರ ಮೇ ತಿಂಗಳಲ್ಲಿ ಯುರೋಪಿನ ಸೂಪರ್‌ಕಂಪ್ಯೂಟರ್‌ಗಳಿಗೆ ನುಗ್ಗಿದವರು ಯಾವ ಹೆಸರನ್ನೂ ಊಹಿಸಲಿಲ್ಲ. ಕದ್ದ ಎಸ್‌ಎಸ್‌ಎಚ್ ಗುರುತುಗಳೊಡನೆ ಮುಂಬಾಗಿಲಿಂದಲೇ ಬಂದರು. ಎಡಿನ್‌ಬರದ ಆರ್ಚರ್ ಯಂತ್ರ 11ರಂದು ಬಾಗಿಲು ಮುಚ್ಚಿತು, ಜರ್ಮನಿಯ ಹಲವು ಕೇಂದ್ರಗಳೂ ಮುಚ್ಚಿದವು. ಕೀಲಿಯೇ ಕೈಗೆ ಸಿಕ್ಕವನು ಚಹಾದಂಗಡಿಯಲ್ಲಿ ಯಾಕೆ ವಿಚಾರಿಸುತ್ತಾನೆ?

ಉಳಿದದ್ದು ಸಭ್ಯರ ಗೋಳು. ಮುಧೋಳದಿಂದ ಲಗ್ನಪತ್ರಿಕೆ ಹಿಡಿದು ಬಂದ ನಿಜವಾದ ಬೀಗನಿಗೂ “ಯಾವ ಮಲ್ಲಪ್ಪರಿ?” ಎಂದೇ ಉತ್ತರ. ಬಳಕೆದಾರ ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ತಿಳಿಯದೆ ಕ್ಯಾಪ್ಸ್ ಲಾಕ್ ಒತ್ತಿ ಬಿಡುವ ಗ್ರಾಮ ಒನ್ ಆಪರೇಟರ್ ಈ ಬೀಗನ ಸ್ವಂತ ತಮ್ಮ. ಪಾಸ್‌ವರ್ಡ್ ಮರೆತವರಿಗೆ ಒಳ್ಳೆಯ ತಾಣಗಳು ‘ಈ ಇಮೇಲ್ ನಮ್ಮಲ್ಲಿದ್ದರೆ ಲಿಂಕ್ ಕಳಿಸಿದ್ದೇವೆ’ ಎನ್ನುತ್ತವೆ. ಅಂಗಡಿಯಾತನೂ ಪತ್ರಿಕೆ ಇಸಿದುಕೊಂಡು “ಅಂಥಾವ ಇದ್ರ ಮುಟ್ಟಸ್ತೀವಿ ಬಿಡ್ರಿ” ಎನ್ನುತ್ತಾನೆ. ಆದರೆ ಬೀಗ ಇನ್ನೂ ಎದುರಿಗಿರುವಾಗಲೇ ಹುಡುಗನನ್ನು ಓಣಿಯ ಕಡೆ ಓಡಿಸಿದರೆ ಮತ್ತೆ ಕಾಲಭೇದ ದೋಷ. ಇಮೇಲ್ ಕಳಿಸಲು ಸರ್ವರ್ ತೆಗೆದುಕೊಳ್ಳುವ ಕ್ಷಣವೂ ಹೀಗೆಯೇ ಚಾಡಿ ಹೇಳುತ್ತದೆ. ಆದ್ದರಿಂದ ಬಲ್ಲವರು ಇಮೇಲನ್ನು ಸರದಿಯಲ್ಲಿಟ್ಟು ಉತ್ತರವನ್ನು ಮೊದಲು ಕೊಡುತ್ತಾರೆ, ಅಂಗಡಿಯಾತ ಬಂದ ಪತ್ರಿಕೆಗಳನ್ನೆಲ್ಲ ಸಕ್ಕರೆ ಡಬ್ಬಿಯ ಹಿಂದೆ ಸಿಕ್ಕಿಸಿ ಸಂಜೆ ಒಟ್ಟಿಗೇ ಹಂಚಿಸುತ್ತಾನೆ.