ಕಾತ್ರಜದ ಶುಭೇಚ್ಛುಕ

ಪುಣೆ ನಗರದ ದಕ್ಷಿಣ ತುದಿಯಲ್ಲಿ, ಬೆಂಗಳೂರಿನ ಕಡೆಯಿಂದ ಬರುವ ಹಳೆಯ ದಾರಿಯು ಘಾಟು ಇಳಿದು ಊರನ್ನು ಮುಟ್ಟುವಲ್ಲಿರುವ ಕಾತ್ರಜದ ಚೌಕದಲ್ಲಿ, ಅಧಿಕಾರಾವಧಿಗಳು ಮುಗಿಯುವ ಕಾಲಕ್ಕೆ ತಪ್ಪದೆ ಕಾಣಿಸಿಕೊಳ್ಳುವ ಒಂದು ಮಾನವವರ್ಗಕ್ಕೆ ಶುಭೇಚ್ಛುಕ ಎಂದು ಹೆಸರು. ಫ್ಲೆಕ್ಸ್ ಫಲಕದ ನೆತ್ತಿಯಲ್ಲಿ ಪಕ್ಷದ ವರಿಷ್ಠರು, ನಡುವೆ ಕೈಮುಗಿದು ನಿಂತ ನಗರಸೇವಕ, ಎಂದರೆ ಮಹಾನಗರಪಾಲಿಕೆಯ ಚುನಾಯಿತ ಸದಸ್ಯ, ಅವನ ಕಾಲಬುಡದಲ್ಲಿ ಅಂಚೆಚೀಟಿಯಷ್ಟಗಲದ ಮುಖಗಳ ಸಾಲು: ಈ ಸಾಲಿನವರೇ ಶುಭೇಚ್ಛುಕರು. ಇಲ್ಲಿ ವಿವೇಚನೆಗೆ ಎತ್ತಿಕೊಂಡಿರುವ ಮಾದರಿಯವನು ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದು ನೆಲೆಸಿ, ಸಿಮೆಂಟು ಮತ್ತು ಕಬ್ಬಿಣದ ಅಂಗಡಿಯಿಟ್ಟು, ಮನೆಯಲ್ಲಿ ಕನ್ನಡವನ್ನೂ ಗಿರಾಕಿಗಳೊಡನೆ ಮರಾಠಿಯನ್ನೂ ವೇದಿಕೆಯ ಮೇಲೆ ಎರಡರ ಮಿಶ್ರಣವನ್ನೂ ಆಡುವ ಗೃಹಸ್ಥ.

ಬೀಳ್ಕೊಡುಗೆಯ ಅವಕಾಶ ಐದು ವರ್ಷಕ್ಕೊಮ್ಮೆ ಮಾತ್ರ ಬರುತ್ತದೆಂದು ತಿಳಿಯುವುದು ಅನನುಭವಿಗಳ ತಪ್ಪು. ಮಹಾಪೌರರ ಅವಧಿ ಎರಡೂವರೆ ವರ್ಷವಾದ್ದರಿಂದಲೂ, ಪಾಲಿಕೆಯ ಹಣಕಾಸಿನ ಕೀಲಿಕೈ ಹಿಡಿದಿರುವ ಸ್ಥಾಯೀ ಸಮಿತಿಯ ಅಧ್ಯಕ್ಷಸ್ಥಾನವು ವರ್ಷಕ್ಕೊಮ್ಮೆ ಕೈ ಬದಲಾಯಿಸುವುದರಿಂದಲೂ, ನಿಷ್ಠೆಯಿಂದ ದುಡಿಯುವ ಶುಭೇಚ್ಛುಕನಿಗೆ ಬಿಡುವೆಂಬುದೇ ಇರುವುದಿಲ್ಲ. ಹೊಸ ಅಧ್ಯಕ್ಷರನ್ನು ಅಭಿನಂದಿಸುವ ಫಲಕದ ಬಣ್ಣ ಆರುವ ಮೊದಲೇ ಹಳೆಯವರಿಗೆ ಆಭಾರ ಸಲ್ಲಿಸುವ ಫಲಕದ ಮುದ್ರಣ ನಡೆದಿರುತ್ತದೆ. ಇಂಥ ಫಲಕಗಳನ್ನು ಪರವಾನಗಿಯಿಲ್ಲದೆ ತೂಗುಹಾಕುವುದು 1995ರ ಮಹಾರಾಷ್ಟ್ರದ ಆಸ್ತಿ ವಿರೂಪಣ ತಡೆ ಕಾಯಿದೆಯ ಪ್ರಕಾರ ಅಪರಾಧವಾಗಿದ್ದು, ಅವುಗಳನ್ನು ಇಳಿಸುವ ಹೊಣೆ ಪಾಲಿಕೆಯ ಆಕಾಶಚಿಹ್ನ ವಿಭಾಗದ್ದು. ಹೆಸರು ಖಗೋಳಶಾಸ್ತ್ರವನ್ನು ನೆನಪಿಸಿದರೂ ಈ ವಿಭಾಗದ ನಿಜವಾದ ವಿಷಯ ಜಾಹೀರಾತು ಫಲಕಗಳು. ಅದರ ಸಿಬ್ಬಂದಿಯ ವಾಹನ ಯಾವ ದಿನ ಯಾವ ರಸ್ತೆಗೆ ಬರುವುದೆಂಬುದನ್ನು ಶುಭೇಚ್ಛುಕನು ಪಂಚಾಂಗ ನೋಡದೆಯೇ ಹೇಳಬಲ್ಲನು.

ಕೃತಜ್ಞತೆಗೆ ಕಾರಣವಾಗುವ ಕಾರ್ಯಗಳನ್ನು ಅವನು ಮೂರು ವರ್ಗಗಳಲ್ಲಿ ಇಡುತ್ತಾನೆ. ಮೊದಲನೆಯವು ನಗರಸೇವಕನ ವಿಕಾಸ ನಿಧಿಯಿಂದ ಆದವು: ಬಸ್ ನಿಲ್ದಾಣದ ಬೆಂಚು, ಗಲ್ಲಿಯ ಹೆಸರಿನ ಫಲಕ, ಮನೆಮನೆಗೆ ಹಂಚಿದ ಬಟ್ಟೆಯ ಚೀಲ. ಇವೆಲ್ಲದರ ಮೇಲೂ ‘ಇಂಥವರ ಸಂಕಲ್ಪನೆಯಿಂದ’ ಎಂಬ ಒಕ್ಕಣೆ ಕಡ್ಡಾಯವಾಗಿದ್ದು, ಬೆಂಚಿನ ವಿಷಯದಲ್ಲಿ ಕುಳಿತುಕೊಳ್ಳುವ ಕಲ್ಪನೆಯೇ ಮೊದಲು ಆ ಮಹನೀಯರಿಗೆ ಹೊಳೆದಿರಬೇಕೆಂಬ ಭಾವನೆ ಪರಸ್ಥಳದವರಲ್ಲಿ ಮೂಡುತ್ತದೆ. ಎರಡನೆಯವು ಮೊದಲಿನಿಂದಲೂ ಇದ್ದವು: 18ನೆಯ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆಯು ಶನಿವಾರವಾಡೆಗೂ ಪೇಟೆಯ ಹೌದುಗಳಿಗೂ, ಅಂದರೆ ಸಾರ್ವಜನಿಕ ನೀರಿನ ತೊಟ್ಟಿಗಳಿಗೂ, ನೆಲದಡಿಯ ಕಾಲುವೆಯಿಂದ ನೀರು ಒಯ್ದ ಕಾತ್ರಜದ ಕೆರೆ, ಅದರ ದಡದಲ್ಲಿ 1999ರಲ್ಲಿ ತೆರೆದ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯ ಮೊದಲಾದವನ್ನು ‘ದಾದಾ ಅವರ’, ಎಂದರೆ ನಗರಸೇವಕನ, ‘ಕಾಲದಲ್ಲಿ ಕಂಗೊಳಿಸಿದವು’ ಎಂಬ ಜಾಣ ಕ್ರಿಯಾಪದದಿಂದ ಆಭಾರದೊಳಗೆ ಸೇರಿಸಲಾಗುತ್ತದೆ. ಮೂರನೆಯವು ಇನ್ನೂ ಆಗದಿರುವವು. ಶುಭೇಚ್ಛುಕನ ಪ್ರತಿಭೆ ಪೂರ್ಣವಾಗಿ ಬೆಳಗುವುದು ಇಲ್ಲಿಯೇ. ಕಾತ್ರಜ–ಕೊಂಢವಾ ರಸ್ತೆಯನ್ನು 84 ಮೀಟರ್ ಅಗಲಗೊಳಿಸುವ ಯೋಜನೆಯು ಭೂಸ್ವಾಧೀನದ ತೊಡಕಿನಿಂದಾಗಿ 50 ಮೀಟರಿಗೆ ಇಳಿದು, ಆಮೇಲೂ ವರ್ಷಗಟ್ಟಲೆ ತೆವಳಿದ್ದು ಲಾರಿಗಳ ಹಿಂದೆ ನಿಂತು ಕಾದ ಎಲ್ಲರಿಗೂ ತಿಳಿದದ್ದೇ. ಇಂಥ ಕಡೆ ಅವನು ‘ಪಾಠಪುರಾವಾ’ ಎಂಬುದಕ್ಕೆ ಆಭಾರ ಸಲ್ಲಿಸುತ್ತಾನೆ. ಅರ್ಜಿಯ ಬೆನ್ನುಹತ್ತಿ ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕೆ ಮರಾಠಿಯಲ್ಲಿರುವ ಈ ಹೆಸರಿನ ವಿಶೇಷವೆಂದರೆ, ಕೆಲಸ ಎಷ್ಟು ತಡವಾದರೆ ಪಾಠಪುರಾವಾ ಅಷ್ಟು ಹೆಚ್ಚಾಗಿರಲೇಬೇಕಾದ್ದರಿಂದ ಕೃತಜ್ಞತೆಯೂ ಅಷ್ಟು ಬೆಳೆಯುತ್ತದೆ.

2017ರ ಚುನಾವಣೆ ಅವನ ಶಾಸ್ತ್ರವನ್ನು ಸ್ವಲ್ಪ ಕ್ಲಿಷ್ಟಗೊಳಿಸಿತು. ಆಗ ಪುಣೆಯ 162 ಸ್ಥಾನಗಳಲ್ಲಿ ಹೆಚ್ಚಿನವು ನಾಲ್ಕು ಸದಸ್ಯರ ಪ್ರಭಾಗಗಳಲ್ಲಿ, ಅಂದರೆ ಒಂದೇ ವಾರ್ಡಿನಿಂದ ನಾಲ್ವರು ಆಯ್ಕೆಯಾಗುವ ಕ್ಷೇತ್ರಗಳಲ್ಲಿ, ಹಂಚಿಹೋಗಿದ್ದರಿಂದ ಒಂದೇ ಗಟಾರಿಗೆ ನಾಲ್ವರು ಪಿತೃಗಳು ಹುಟ್ಟಿಕೊಂಡರು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದ ಕಾರಣ ನಗರಸೇವಕಿಯ ಪಕ್ಕದಲ್ಲಿ ಅವಳ ಪತಿಯ ಚಿತ್ರವನ್ನೂ, ಅದು ಅವಳದಕ್ಕಿಂತ ದೊಡ್ಡದಾಗದಂತೆಯೂ ಚಿಕ್ಕದಾಗದಂತೆಯೂ, ಇಡಬೇಕಾಯಿತು. ಯಾರ ಮುಖ ಯಾರ ಬಲಕ್ಕೆ ಬಂದಿತೆಂಬುದರಿಂದ ಎಷ್ಟೋ ಸ್ನೇಹಗಳು ಮುರಿದಿರುವುದನ್ನು ಬಲ್ಲ ಶುಭೇಚ್ಛುಕನು ಕೊನೆಗೆ ನಾಲ್ಕು ಫಲಕಗಳನ್ನು ಮಾಡಿಸಿ, ನಾಲ್ಕರಲ್ಲೂ ತನ್ನ ಮುಖವನ್ನು ಮಾತ್ರ ಒಂದೇ ಜಾಗದಲ್ಲಿ ಉಳಿಸಿಕೊಂಡನು.

ಸತ್ಕಾರ ಸಮಾರಂಭದಲ್ಲಿ ಶಾಲು, ಶ್ರೀಫಲ ಎಂದು ಗೌರವದಿಂದ ಕರೆಯಲಾಗುವ ತೆಂಗಿನಕಾಯಿ, ಕೆಂಪು ಪುಣೇರಿ ಪಗಡಿ, ಇವಿಷ್ಟು ಸಂದ ಮೇಲೆ ಆಭಾರ ಪ್ರದರ್ಶನ, ಎಂದರೆ ವಂದನಾರ್ಪಣೆ, ಅವನ ಪಾಲಿಗೆ ಬರುತ್ತದೆ. ಮರಾಠಿಯಲ್ಲಿ ಆರಂಭವಾದ ಮಾತು, ಸಭೆಯ ಹಿಂಬದಿಯಲ್ಲಿ ನಿಂತ ಇಂಡಿ, ಸಿಂದಗಿ, ಅಫಜಲಪುರದ ಗೌಂಡಿಗಳನ್ನು ಕಂಡೊಡನೆ, “ನಮ್ಮ ಮಂದಿಗೆ ದಾದಾ ಏನ್ ಮಾಡ್ಯಾರ ಅನ್ನೂದು ಹೇಳಾಕ ಹೊಂಟ್ರ ಹೊತ್ತು ಮುಣಗತೈತ್ರಿ” ಎಂದು ಕನ್ನಡಕ್ಕೆ ಹೊರಳುತ್ತದೆ. ಏನು ಮಾಡಿದ್ದಾರೆಂಬುದನ್ನು ಹೇಳದೆ ಮುಗಿಯುವ ಈ ವಾಕ್ಯಕ್ಕೆ ಅತಿ ಹೆಚ್ಚು ಚಪ್ಪಾಳೆ ಬೀಳುತ್ತದೆ. ದಾದಾ ಕನ್ನಡ ತಿಳಿಯದಿದ್ದರೂ, ಹಿಂಬದಿಯ ತಲೆಗಳನ್ನು ಕಣ್ಣಲ್ಲೇ ಎಣಿಸಿ, ತಲೆದೂಗುತ್ತಾರೆ.

2022ರ ಮಾರ್ಚ್ 14ರಂದು ಪಾಲಿಕೆಯ ಅವಧಿ ಮುಗಿದಾಗ ಶುಭೇಚ್ಛುಕನು ಎಂದಿನಂತೆ ಬೀಳ್ಕೊಟ್ಟನು. ಆದರೆ ಮೀಸಲಾತಿ ಮತ್ತು ಪ್ರಭಾಗರಚನೆಯ ವ್ಯಾಜ್ಯಗಳಿಂದ ಚುನಾವಣೆ ಮುಂದಕ್ಕೆ ಹೋಗಿ, ಆಯುಕ್ತರೇ ಪ್ರಶಾಸಕರಾಗಿ, ಅಂದರೆ ಚುನಾಯಿತ ಸಭೆಯ ಬದಲಿಗೆ ಆಡಳಿತ ನಡೆಸುವ ಅಧಿಕಾರಿಯಾಗಿ, ಕುಳಿತರು. ಪ್ರಶಾಸಕರಿಗೆ ಮತ ಬೇಕಿಲ್ಲವಾದ್ದರಿಂದ ಆಭಾರವೂ ಬೇಕಿರಲಿಲ್ಲ. ಮಾಜಿಗಳಿಗೆ ಆಭಾರ ಬೇಕಿದ್ದರೂ ಕೊಡಲು ನಿಧಿಯಿರಲಿಲ್ಲ. ಆ ಸುಮಾರು ನಾಲ್ಕು ವರ್ಷಗಳಲ್ಲಿ ನಲ್ಲಿಯಲ್ಲಿ ನೀರು ಬಾರದವರೂ ಗಟಾರ ಉಕ್ಕಿದವರೂ, ಧನಕವಡಿ–ಸಹಕಾರನಗರ ಕ್ಷೇತ್ರೀಯ ಕಚೇರಿಯ ಯಾವ ಮೇಜಿನ ಮುಂದೆ ನಿಲ್ಲಬೇಕೆಂಬುದನ್ನೂ ನೀರು ಬಿಡುವವನ ಫೋನ್ ನಂಬರನ್ನೂ ಬಲ್ಲ ಏಕೈಕ ವ್ಯಕ್ತಿಯಾದ ಸಿಮೆಂಟಂಗಡಿಯವನ ಬಳಿಗೇ ಬರತೊಡಗಿದರು. ಇಷ್ಟು ವರ್ಷ ಪಾಠಪುರಾವಾವನ್ನು ಹೊಗಳುತ್ತ ಬಂದವನು ಅದನ್ನು ತಾನೇ ಮಾಡಬೇಕಾಗಿ ಬಂದು, ಮಾಡಿದನು. ಹಲವು ಸಲ ನೀರೂ ಬಂದಿತು.

2026ರ ಜನವರಿ 15ರಂದು ಕೊನೆಗೂ ಮತದಾನವಾಗಿ, ಗೆದ್ದವರು ಮತದಾರರಿಗೂ, ಸೋತವರು ‘ತೋರಿದ ಪ್ರೀತಿಗೂ’ ಆಭಾರ ಸಲ್ಲಿಸುವ ಫಲಕಗಳು ಕಂಬ ಹಿಡಿದಾಗ, ಶುಭೇಚ್ಛುಕನ ಮುಖವು ಎರಡೂ ಬಗೆಯವುಗಳ ಕೆಳಸಾಲಿನಲ್ಲಿ ತನ್ನ ಹಳೆಯ ಜಾಗಕ್ಕೆ ಮರಳಿತ್ತು. ಯಾವ ಹುದ್ದೆಯೂ ಇಲ್ಲದೆ ನಾಲ್ಕು ವರ್ಷ ನಗರಸೇವಕನ ಕೆಲಸ ಮಾಡಿದವನಿಗೆ ಅವಧಿ ಮುಗಿದುದರ ಬೀಳ್ಕೊಡುಗೆ ನಡೆಯಲಿಲ್ಲ, ಏಕೆಂದರೆ ಅಂಥ ಸಮಾರಂಭಗಳನ್ನು ಏರ್ಪಡಿಸಬಲ್ಲವನು ಆ ಪ್ರಭಾಗದಲ್ಲಿ ಅವನೊಬ್ಬನೇ ಇದ್ದನು.