ದೇವಲಾಪುರ ಕಾಲೇಜಿನ ಅಜೇಯ ಕಾಲ್ಚೆಂಡು ತಂಡ: 1948-49ರ ಋತುವಿನ ಸಪ್ರಮಾಣ ವಿವೇಚನೆ

ಒಂದು ತಂಡ ಇತ್ತೆಂದು ತೋರಿಸಲು ವಿದ್ವತ್ತು ಬೇಕಿಲ್ಲ. ಹಳದಿಗಟ್ಟಿದ ಒಂದು ಗ್ರೂಪ್ ಫೋಟೊ, ಹೊಳಪು ಹೋದ ಒಂದು ಶೀಲ್ಡು, ಪ್ರಿನ್ಸಿಪಾಲರ ಬೀರುವಿನ ಮೇಲೆ ಗಾಳಿ ಇಳಿದ ಒಂದು ಚೆಂಡು ಸಿಕ್ಕರೆ ಯಾವ ಕಾಲೇಜಾದರೂ ತನ್ನ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ನಾಲ್ಕು ಪುಟ ತುಂಬಿಸುತ್ತದೆ. ಇಲ್ಲದ ತಂಡವನ್ನು ಇರಲಿಲ್ಲವೆಂದೇ ಒಪ್ಪಿಕೊಂಡು, ಅದು ಇಡೀ ಋತುವಿನಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲವೆಂದು ಸಾಧಿಸುವುದಕ್ಕೆ ಮಾತ್ರ ನಮ್ಮಂಥವರು ಬೇಕು.

ದೇವಲಾಪುರ ಮಂಡ್ಯ ಜಿಲ್ಲೆ, ನಾಗಮಂಗಲ ತಾಲ್ಲೂಕಿನ ಹೋಬಳಿ ಕೇಂದ್ರ. 1948-49ರಲ್ಲಿ ಅಲ್ಲಿ ಕಾಲೇಜು ಇರಲಿಲ್ಲ. ಓದುವ ಹಟವಿದ್ದ ಹುಡುಗರು ಮೈಸೂರಿನ ಯುವರಾಜ, ಮಹಾರಾಜ ಕಾಲೇಜುಗಳ ದಾರಿ ಹಿಡಿಯಬೇಕಿತ್ತು. ಕಾಲೇಜಿಲ್ಲದಲ್ಲಿ ತಂಡವಿಲ್ಲ, ತಂಡವಿಲ್ಲದಲ್ಲಿ ಸೋಲಿಲ್ಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ವ್ಯತಿರೇಕ ವ್ಯಾಪ್ತಿ ಎನ್ನುತ್ತಾರೆ. ಬೆಂಕಿಯಿಲ್ಲದ ಕಡೆ ಹೊಗೆಯಿಲ್ಲ, ಕೆರೆಯಲ್ಲಿರುವಂತೆ ಎಂಬುದು ತಾರ್ಕಿಕರ ಹಳೆಯ ಉದಾಹರಣೆ. ಮಳೆ ಕೈಕೊಟ್ಟ ವರ್ಷ ನಾಗಮಂಗಲ ಸೀಮೆಯ ಕೆರೆಗಳಲ್ಲಿ ನೀರೂ ಇರುವುದಿಲ್ಲ ಎಂದು ಯಾರಾದರೂ ಎದ್ದು ಹೇಳಬಹುದು. ಅದು ನೀರಾವರಿ ಇಲಾಖೆಯ ವಿಷಯ, ತರ್ಕದ್ದಲ್ಲ.

ಮೌಖಿಕ ಆಕರಗಳೂ ನಮ್ಮ ಪರವಾಗಿವೆ. ಆ ಕಡೆಯ ಜಗಲಿಗಳ ಮೇಲೆ ಈ ಪ್ರಶ್ನೆ ಎತ್ತಿದರೆ ಸಿಗುವ ಉತ್ತರ ಒಂದೇ ಬಗೆಯದು: “ಕಾಲೇಜಾ? ಅಕ್ಸರ ಕಲಿಯಕ್ಕೇ ದಿಕ್ಕಿರ್ನಿಲ್ಲ ಕನ್ ಸೋಮಿ. ಚೆಂಡ್ ಒದೀತಾ ನಿಂತ್ಕಂಡ್ರೆ ದನ ಮೇಯ್ಸೋರ್ ಯಾರು?” ಸಾಮಾನ್ಯ ಓದುಗನಿಗೆ ಇದು ನಿರಾಕರಣೆಯಂತೆ ಕಾಣುತ್ತದೆ. ಸಂಶೋಧಕನ ಕಿವಿಗೆ ಇದು ವಿಜೇತರ ವಿನಯ. ಕಾಲ್ಚೆಂಡಿನ ಪ್ರಸ್ತಾಪ ಬಂದೊಡನೆ ದನದ ಪ್ರಸ್ತಾಪವೂ ಬಂದದ್ದನ್ನು ಗಮನಿಸಬೇಕು. ಇದು ನಮ್ಮನ್ನು ನೇರವಾಗಿ ಶಾಸನಗಳಿಗೆ ಒಯ್ಯುತ್ತದೆ.

ಬಿ.ಎಲ್. ರೈಸ್ 1898ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 4ನೇ ಸಂಪುಟದಲ್ಲಿ ನಾಗಮಂಗಲ ತಾಲ್ಲೂಕಿನ ಶಾಸನಗಳಿವೆ. ಅವುಗಳಲ್ಲಿ ಕಾಲ್ಚೆಂಡಿನ ಹೆಸರಿಲ್ಲ; ರೈಸ್ ಸಾಹೇಬರು ಕೆಲಸದ ಮನುಷ್ಯ, ಆಟದ ಮಾತು ಅವರ ಕಣ್ಣಿಗೆ ಬಿದ್ದಿರಲಾರದು. ಆದರೆ ನಮ್ಮ ಕಡೆಯ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿಗಾಗಿ ಹೊಡೆದಾಟ, ಅಂದರೆ ಪಂದ್ಯ. ನಡುವಿನ ಪಟ್ಟಿಕೆಯಲ್ಲಿ ಇಬ್ಬರು ಎರಡೂ ಕಡೆಯಿಂದ ತೋಳು ಹಿಡಿದು ವೀರನನ್ನು ಮೇಲಕ್ಕೆ ಒಯ್ಯುತ್ತಿದ್ದಾರೆ. ಅಪ್ಸರೆಯರೆಂದು ಹಿಂದಿನವರು ಅವಸರದಲ್ಲಿ ಬರೆದುಬಿಟ್ಟರು. ಮಂಡಿ ಉಳುಕಿದ ಆಟಗಾರನನ್ನು ಮೈದಾನದಾಚೆ ಸಾಗಿಸುವ ಭಂಗಿ ಬೇರೆ ಹೇಗಿರುತ್ತದೆ? ಮೇಲಿನ ಪಟ್ಟಿಕೆಯಲ್ಲಿ ವೀರ ಶಿವನ ಸನ್ನಿಧಿಯಲ್ಲಿ ಆರಾಮವಾಗಿ ಕುಳಿತಿದ್ದಾನೆ. ಇದು ಬಹುಮಾನ ವಿತರಣೆ. ಅಧ್ಯಕ್ಷತೆ ಸ್ವತಃ ಶಿವನದು. ದನ ಹಿಡಿಯುವ ಕಾಳಗಕ್ಕೆ ಶಾಸನಗಳು ‘ತುರುಗೋಳ್’ ಎನ್ನುತ್ತವೆ. ಆ ಶಬ್ದದ ಬಾಲದಲ್ಲಿ ಗೋಲು ಕೇಳಿಸುತ್ತದೆಂದು ಹೇಳಿ ವಾದವನ್ನು ಅಗ್ಗ ಮಾಡಿಕೊಳ್ಳಲು ನಮಗೆ ಇಷ್ಟವಿಲ್ಲ.

ತಂಡ ಏಕೆ ಇರಲಿಲ್ಲ? ಬಡತನವೆಂದು ಸಮಾಜಶಾಸ್ತ್ರಜ್ಞರು ಹೇಳಿಯಾರು. ಅವರು ಏನಕ್ಕೂ ಅದನ್ನೇ ಹೇಳುತ್ತಾರೆ. ಲೆಕ್ಕ ಹಾಕೋಣ. ನಿಯಮದ ಪ್ರಕಾರ ಮೈದಾನದ ಕನಿಷ್ಠ ಅಳತೆ 100 ಗಜಕ್ಕೆ 50 ಗಜ. ಅಂದರೆ 1 ಎಕರೆ 1 ಗುಂಟೆ, ಮೇಲೆ ಚಿಲ್ಲರೆ. ಇದು ಖುಷ್ಕಿ ಸೀಮೆ. ಕೃಷ್ಣರಾಜಸಾಗರದ ನಾಲೆ ಮಂಡ್ಯದ ಬಯಲಿಗೆ ಕಬ್ಬು ತಂದಿತು, 1933ರಲ್ಲಿ ಸಕ್ಕರೆ ಕಂಪನಿಯನ್ನೂ ತಂದಿತು. ನಾಗಮಂಗಲದವರ ಪಾಲಿಗೆ ಉಳಿದದ್ದು ರಾಗಿ, ಹುರುಳಿ, ಆಕಾಶ. ಎಕರೆ ಹೊಲವನ್ನು ಆಟಕ್ಕೆಂದು ಬೀಳುಬಿಡುವ ಗೌಡ ಅಲ್ಲಿ ಹುಟ್ಟಿರಲಿಲ್ಲ. ಪಹಣಿಯ ಬೆಳೆ ಕಾಲಂನಲ್ಲಿ ‘ಫುಟ್‌ಬಾಲ್’ ಎಂದು ನಮೂದಿಸುವ ಶಾನುಭೋಗರೂ ಹುಟ್ಟಿರಲಿಲ್ಲ. ಕುಯಿಲಾದ ಮೇಲೆ ಹೊಲ ಖಾಲಿ ಇರುತ್ತದಲ್ಲ ಎಂದರೆ, ಖಾಲಿ ಇರುತ್ತದೆ, ಕೂಳೆ ಸಮೇತ. ರಾಗಿ ಕೂಳೆಯ ಮೇಲೆ ಬರಿಗಾಲಲ್ಲಿ ಓಡಿದವನು ಮುಂದೆ ಎದುರಾಳಿಗೆ ಹೆದರುವುದಿಲ್ಲ, ನಿಜ. ಆದರೆ ಮುಂದೆ ಓಡುವುದೂ ಇಲ್ಲ.

ಈಗ ಕಾಲಮಾನಕ್ಕೆ ಬರೋಣ. ಈ ಪ್ರಬಂಧದ ತಿರುಳು ಇಲ್ಲಿದೆ. ಪಂದ್ಯದ ಅವಧಿ 90 ನಿಮಿಷ. ಘಳಿಗೆಗೆ 24 ನಿಮಿಷದಂತೆ ಇದು ಮೂರೂಮುಕ್ಕಾಲು ಘಳಿಗೆ. ಪಂಚಾಂಗ ಬಲ್ಲವರು ಇಷ್ಟು ಹೊತ್ತಿಗೆ ಕುರ್ಚಿ ಬಿಟ್ಟೆದ್ದಿರಬೇಕು, ಏಕೆಂದರೆ ಮೂರೂಮುಕ್ಕಾಲು ಘಳಿಗೆ ರಾಹುಕಾಲದ ಪ್ರಮಾಣ! ಆಟಕ್ಕೆ ಈ ಅವಧಿಯನ್ನು ಗೊತ್ತುಮಾಡಿದ ಮಹನೀಯರಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. ಅಷ್ಟೇ ಅಲ್ಲ, ಸೂರ್ಯೋದಯ ಆರಕ್ಕೆಂದು ಹಿಡಿದರೆ ಭಾನುವಾರದ ರಾಹುಕಾಲ ಸಂಜೆ ನಾಲ್ಕೂವರೆಯಿಂದ ಆರು. ಬಿಸಿಲು ಇಳಿದ ಮೇಲೆ, ಕತ್ತಲಾಗುವ ಮುಂಚೆ, ರಜಾದಿನದಲ್ಲಿ, ಜಗತ್ತಿನ ಎಲ್ಲ ಹುಡುಗರೂ ಚೆಂಡು ಎತ್ತಿಕೊಂಡು ಹೊರಡುವ ಹೊತ್ತು ಅದೇ. ಇಂಥ ಮುಹೂರ್ತದಲ್ಲಿ ಇಪ್ಪತ್ತೆರಡು ಜನ ಒಂದು ಕೆಲಸಕ್ಕೆ ಕೈ, ತಪ್ಪಿದರೆ ಕಾಲು, ಹಾಕಿದರೆ ಯಾರಾದರೊಬ್ಬರು ಸೋಲದೆ ಇರಲು ಸಾಧ್ಯವೇ? ವಿರಾಮದ ನಿಮಿಷಗಳಿಂದಾಗಿ ಆಟದ ಕೊನೆಯ ಭಾಗ ರಾಹುಕಾಲ ದಾಟಿ ಬೀಳುತ್ತದೆ. ಅಂತಿಮ ಕ್ಷಣದ ಗೋಲುಗಳಿಗೆ ಇಷ್ಟು ಸರಳವಾದ ವಿವರಣೆ ಯುರೋಪಿನ ಗ್ರಂಥಗಳಲ್ಲಿ ಸಿಗುವುದಿಲ್ಲ.

ಆಡದಿರುವುದೇ ದಾರಿ ಎಂಬ ಈ ದೇವಲಾಪುರ ಸಿದ್ಧಾಂತವನ್ನು ದೇಶ ತಡವಾಗಿ ಅರ್ಥಮಾಡಿಕೊಂಡಿತು. 1948ರ ಜುಲೈ 31ರಂದು, ನಮ್ಮ ಋತು ಇನ್ನೂ ಆರಂಭವಾಗದೆ ಇದ್ದಾಗ (ಮುಂದೆಯೂ ಆಗಲಿಲ್ಲ), ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲಲ್ಲಿದ್ದರು. ಸಾರಂಗಪಾಣಿ ರಾಮನ್ ಗೋಲು ಹೊಡೆದರು. ಸಿಕ್ಕ ಎರಡು ಪೆನಾಲ್ಟಿಗಳೂ ಕೈತಪ್ಪಿ 1-2ರಿಂದ ಸೋಲಾಯಿತು. ಕಾರಣ ಸ್ಪಷ್ಟ: ಆಡಿದರು. 1950ರ ವಿಶ್ವಕಪ್‌ಗೆ ಬರ್ಮಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಭಾರತ ಒಂದೂ ಪಂದ್ಯವಾಡದೆ ಅರ್ಹತೆ ಗಳಿಸಿತು. ಬ್ರೆಜಿಲ್‌ಗೆ ಹೋಗದೆ ಆ ಅರ್ಹತೆಯನ್ನು ಕಾಪಾಡಿಕೊಂಡಿತು. ಬೂಟಿಲ್ಲದ್ದಕ್ಕೆ ಹೋಗಲಿಲ್ಲವೆಂಬ ಕಥೆ ಜನಪ್ರಿಯ. ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದು ಎಂದು ಫೆಡರೇಷನ್ ಹೇಳಿತು. ದೇವಲಾಪುರದ ಪ್ರಭಾವವನ್ನು ಯಾರೂ ಒಪ್ಪಿಕೊಳ್ಳಲಿಲ್ಲ. ಪ್ರಭಾವಗಳ ಹಣೆಬರಹವೇ ಅದು. 1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಬುದ್ಧಿ ಕೆಟ್ಟು ಆಡಿದರು. ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು, ನಮ್ಮ ಕಡೆಯಿಂದ ಬೆಂಗಳೂರಿನ ಅಹ್ಮದ್ ಖಾನ್ ಒಂದು.

ಪ್ರತಿವಾದಿಗಳು 1956ರ ಮೆಲ್ಬರ್ನ್ ಒಲಿಂಪಿಕ್ಸ್ ಎತ್ತುತ್ತಾರೆ. ಭಾರತಕ್ಕೆ ಅಲ್ಲಿ ನಾಲ್ಕನೇ ಸ್ಥಾನ ಬಂತಲ್ಲ ಎನ್ನುತ್ತಾರೆ. ಬಂತು. ಹೇಗೆ ಬಂತು? ಮೊದಲ ಸುತ್ತಿನಲ್ಲಿ ಹಂಗೆರಿ ಬರಲೇ ಇಲ್ಲ, ಆಡದೆ ಮುಂದಕ್ಕೆ. ಆಮೇಲೆ ಆಡಿದ ಮೂರರಲ್ಲಿ ಆಸ್ಟ್ರೇಲಿಯಾ ಮೇಲೆ 4-2ರ ಗೆಲುವು, ಉಳಿದೆರಡೂ ಸೋಲು. ಆಸ್ಟ್ರೇಲಿಯಾದ ಪಂದ್ಯವೊಂದು ಸಿದ್ಧಾಂತಕ್ಕೆ ತೊಡಕೇ. ಆದರೆ ಅದೇ ವರ್ಷ ನವೆಂಬರ್ 1ರಂದು ರಾಜ್ಯದ ಗಡಿಗಳು ಬದಲಾದದ್ದರಿಂದ ಹಿಂದಿನ ಅಂಕಿಅಂಶಗಳೊಡನೆ ಹೋಲಿಸಲಾಗದು. ಮೈಸೂರು ತಂಡ 1946-47ರಲ್ಲೂ 1952-53ರಲ್ಲೂ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದ ವಿಷಯ ಪುಟಗಳ ಅಭಾವದಿಂದ ಇಲ್ಲಿ ಚರ್ಚಿಸಿಲ್ಲ.

ಉಳಿದದ್ದು ಒಂದೇ ತಕರಾರು, ಅದೂ ಮನೆಯೊಳಗಿನದು. ಬಿಂಡಿಗನವಿಲೆ, ಬೆಳ್ಳೂರು, ಹೊಣಕೆರೆ, ಕಸಬಾ ಹೋಬಳಿಗಳಲ್ಲೂ ಆಗ ಕಾಲೇಜಿರಲಿಲ್ಲ, ಹಾಗಾಗಿ ತಾವೂ ಅಜೇಯರು ಎಂಬುದು ಅಲ್ಲಿನವರ ವಾದ. ವಾದದಲ್ಲಿ ಹುರುಳಿದೆ. ಐದು ಹೋಬಳಿಗಳ ಅಂಕಪಟ್ಟಿ ಹಾಕಿದರೆ ಆಡಿದ್ದು, ಗೆದ್ದದ್ದು, ಸೋತದ್ದು, ಹೊಡೆದ ಗೋಲು, ಬಿಟ್ಟ ಗೋಲು ಎಲ್ಲ ಕಾಲಂನಲ್ಲೂ ಸೊನ್ನೆ. ಮೈದಾನಕ್ಕಿಳಿದು ಇತ್ಯರ್ಥ ಮಾಡಿಕೊಳ್ಳಿ ಎಂದರೆ ಯಾರೂ ಒಪ್ಪುವುದಿಲ್ಲ, ದಾಖಲೆ ಕೆಡುತ್ತದೆ. ಕಡೆಗೆ ವರ್ಣಮಾಲೆಯ ಕ್ರಮ ಅನುಸರಿಸುವುದೆಂದು ನಾವೇ ನಿಶ್ಚಯಿಸಿದ್ದೇವೆ. ಬಕಾರದವರೂ ಹಕಾರದವರೂ ದಕಾರದ ಹಿಂದೆ ನಿಲ್ಲುತ್ತಾರೆ. ಕಸಬಾದವರು ತಮ್ಮದು ಕಕಾರ, ಪ್ರಶಸ್ತಿ ತಮಗೇ ಎಂದು ಕೂಗುತ್ತಿದ್ದಾರೆ. ಕಸಬಾ ಎಂಬುದು ದಫ್ತರದಲ್ಲಿ ಬರೆಯುವ ಹೆಸರು. ಊರು ನಾಗಮಂಗಲ, ಅಕ್ಷರ ನಕಾರ, ಸ್ಥಾನ ಎರಡನೆಯದು.