ಬಸಣ್ಣನ ಕಾರು, ನೀಲವ್ವನ ಮೂಗು

ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ಎಲ್ಲರೂ ಕೇಳುವುದು ‘ಎಲ್ಲಿಂದ?’ ಅಂತ. ಕೇಳಬೇಕಾದ್ದು ‘ಯಾವಾಗ?’ ಅಂತ. ವಾಸನೆ ಇದೆಯೋ ಇಲ್ಲವೋ ಅನ್ನುವುದಕ್ಕೆ ಮೂಗು ಒಳ್ಳೆಯ ಸಾಕ್ಷಿ. ಜಾಗ ತೋರಿಸು ಅಂದರೆ ಮಾತ್ರ ತಡಬಡಾಯಿಸುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಹುಟ್ಟಿದ ಕಡೆ ನಿಲ್ಲದೆ ತಗ್ಗು ಹುಡುಕಿಕೊಂಡು ಹೋಗಿ ಕಾಲಡಿಯ ಮ್ಯಾಟಿನಲ್ಲಿ ಕೂರುತ್ತದೆ. ಸಾಲದ್ದಕ್ಕೆ ಸ್ವಲ್ಪ ಹೊತ್ತಿಗೆಲ್ಲ ಮೂಗೂ ಅದಕ್ಕೆ ಒಗ್ಗಿ ಸುಮ್ಮನಾಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹೊರಗಿನವರು ಸೀನುತ್ತಿದ್ದರೆ ಹಮಾಲರು ಆರಾಮಾಗಿ ಚೀಲ ಹೊರುತ್ತಾರಲ್ಲ, ಹಾಗೆ. ಈ ವಾದವನ್ನು ಒಬ್ಬನೇ ಹೇಳುತ್ತ ಹೋದರೆ ಉಪನ್ಯಾಸವಾದೀತು. ಆದ್ದರಿಂದ ಹುಲಗೂರಿನಲ್ಲಿ ಒಂದು ಗ್ಯಾರೇಜು ಕಲ್ಪಿಸಿಕೊಳ್ಳಿ. ಅಲ್ಲಿ ದಾವಲಸಾಬ ಮಿಸ್ತ್ರಿ, ಗೋವಿನಜೋಳದ ವ್ಯಾಪಾರಿ ಬಸಣ್ಣ, ಹಿಂದಿನ ಸೀಟಿನಲ್ಲಿ ಅವನ ತಾಯಿ ನೀಲವ್ವ. ಕಾರಿನ ಮುಂದೆ ಲಿಂಬೆಹಣ್ಣು ತೂಗುತ್ತಿದೆ. ಬಸಣ್ಣನ ಕೈಯಲ್ಲಿ ಕಡ್ಡಿಪೆಟ್ಟಿಗೆ.

ದಾವಲಸಾಬ: ಏ ಏ, ಕಡ್ಡಿಪೆಟ್ಟಿಗಿ ಯಾಕ ತಗದಿ?

ಬಸಣ್ಣ: ವಾಸನಿ ತಡಿಯಾಕ ಆಗವಲ್ತು ಕಾಕಾ. ಎರಡು ಊದಿನಕಡ್ಡಿ ಹಚ್ಚೋಣಂತ.

ದಾವಲಸಾಬ: ಇಲ್ಲಿ ಕೊಡು ಅದನ್ನ. ಊದು ದರ್ಗಾದಾಗ ಚಂದ, ಪೆಟ್ರೋಲ್ ನಾರೋ ಕಾರಿನಾಗ ಅಲ್ಲ. ಗಾಳ್ಯಾಗ ನೂರಕ್ಕ 1.4 ಪಾಲು ಪೆಟ್ರೋಲಿನ ಆವಿ ಕೂಡಿದ್ರ ಸಾಕು, ಕಿಡಿ ಕಂಡಕೂಡ್ಲೆ ಹತ್ತತೈತಿ. ಇಷ್ಟಗಲದ ಕಾರಿಗೆ ಒಂದು ಲೋಟ ಪೆಟ್ರೋಲ್ ಆವಿ ಆದ್ರ ಲೆಕ್ಕ ಮುಗೀತು. ಮೊದ್ಲ ನಾಕೂ ಬಾಗಿಲಾ ತಗಿ. ಅಕ್ಕಾರ, ನೀವು ಕೆಳಗ ಇಳೀರಿ.

ಬಸಣ್ಣ: ಆತು ಬಿಡ್ರಿ, ಹಚ್ಚಂಗಿಲ್ಲ. ಎಲ್ಲಿಂದ ಅಂತ ನಾನ ಹುಡುಕೇನಿ. ಡ್ರೈವರ್ ಕಾಲ ಹತ್ರ ಜೋರ ಐತಿ. ಅಂದಮ್ಯಾಲೆ ಇಂಜಿನ್ ಕಡೆನ ಸೋರಾಕತ್ತಿರಬೇಕು.

ದಾವಲಸಾಬ: ನಿಮ್ಮ ಓಣ್ಯಾಗ ಮಳಿನೀರು ಎಲ್ಲಿ ನಿಂದರತೈತಿ?

ಬಸಣ್ಣ: ನಮ್ಮ ಬಾಗಲದ ಮುಂದ.

ದಾವಲಸಾಬ: ಮಳಿ ನಿಮ್ಮ ಬಾಗಲದ ಮುಂದಷ್ಟ ಆಗಿತ್ತೇನು? ನಿಂತ ಜಾಗ ಬ್ಯಾರೆ, ಬಂದ ಜಾಗ ಬ್ಯಾರೆ. ಯಾವಾಗ ಬರತೈತಿ ಅದನ್ನ ಹೇಳು. ಬ್ಲೋವರ್ ಹಾಕಿದಾಗಷ್ಟ ಬಂದ್ರ ಬಾನೆಟ್ ಎತ್ತಬೇಕು, ಯಾಕಂದ್ರ ಅದು ಹೊರಗಿನ ಗಾಳಿ ಎಳಕೊಳ್ಳೋದು ಮುಂದಿನ ಗ್ಲಾಸಿನ ಬುಡದಿಂದ. ಬಿಸಲಾಗ ನಿಂದ್ರಿಸಿದಾಗ ಬಂದ್ರ ಟ್ಯಾಂಕಿನ ಕ್ಯಾಪಿನ ವಾಷರೋ, ಆವಿ ಹೀರೋ ಇದ್ದಲಿ ಡಬ್ಬಿ ಪೈಪೋ. ಟ್ಯಾಂಕ್ ತುಂಬಿಸಿದಾಗಷ್ಟ ಬಂದ್ರ ಟ್ಯಾಂಕಿನ ನೆತ್ತಿ ನೋಡಬೇಕು.

ಬಸಣ್ಣ: ಒಮ್ಮೊಮ್ಮೆ ಬರತೈತಿ, ಒಮ್ಮೊಮ್ಮೆ ಇಲ್ಲ. ಅದಕ್ಕ ದೃಷ್ಟಿ ತಾಗೈತಿ ಅಂತ ಲಿಂಬಿಹಣ್ಣು ಕಟ್ಟೀನಿ.

ನೀಲವ್ವ: ದೃಷ್ಟಿ ಎಲ್ಲೀದೋ ತಮ್ಮಾ. ನೀ ಕಾರು ಹತ್ತಿದಕೂಡ್ಲೆ ಅಯ್ಯಯ್ಯೋ ಅಂತಿ, ಸವಣೂರು ಮುಟ್ಟೂದ್ರಾಗ ವಾಸನಿ ಹೋತು ಅಂತಿ. ಹೋಗಿದ್ದು ವಾಸನಿ ಅಲ್ಲ, ನಿನ್ನ ಮೂಗು. ಶಿಶುನಾಳಕ್ಕ ಹೋಗೂ ದಿನ ಟ್ಯಾಂಕ್ ತುಂಬಿಸಿದ್ಯಲ್ಲ, ಅವತ್ತ ನನಗ ತಲಿ ತಿರಗಿತ್ತು. ಮೂರು ದಿನಕ್ಕ ಕಮ್ಮಿ ಆತು. ಸಂತಿ ದಿನ ಮತ್ತ ತುಂಬಿಸಿದಿ, ಮತ್ತ ಬಂತು.

ನೀಲವ್ವನಿಗೆ ಕಾರಿನ ಒಂದು ಭಾಗದ ಹೆಸರೂ ಗೊತ್ತಿಲ್ಲ. ಆದರೆ ಅವಳ ಹತ್ತಿರ ಪಂಚಾಂಗವಿದೆ, ಈ ಮೊಕದ್ದಮೆಗೆ ಬೇಕಾದ್ದೂ ಅದೇ. ಎರಡು ಸಲ ತುಂಬಿಸಿದಾಗ ಎರಡು ಸಲ ಬಂದದ್ದು ಕಾಕತಾಳೀಯ ಇರಬಹುದಲ್ಲ, ಪೆಟ್ರೋಲ್ ಹಾಕುವಾಗ ಹೊರಗೆ ಚೆಲ್ಲಿರಬಹುದಲ್ಲ ಎಂದು ಯಾರಾದರೂ ತಕರಾರು ತೆಗೆಯಬಹುದು. ಚೆಲ್ಲಿದ ನಾಲ್ಕು ಹನಿ ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ. ಮೂರು ದಿನ ಸೀಟಿನಲ್ಲಿ ಕೂತು ಪ್ರಯಾಣ ಮಾಡುವುದಿಲ್ಲ. ನಮ್ಮ ಎಷ್ಟೋ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಟ್ಯಾಂಕು ಇರುವುದು ಹಿಂದಿನ ಸೀಟಿನ ಕೆಳಗೆ. ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಅದರ ಮುಚ್ಚಳದ ಸುತ್ತ ಒಂದು ರಬ್ಬರ್ ಬಳೆ. ಅರ್ಧ ಟ್ಯಾಂಕಿದ್ದಾಗ ಪೆಟ್ರೋಲ್ ಆ ಬಳೆಯನ್ನು ಮುಟ್ಟುವುದಿಲ್ಲ. ತುಂಬಿದಾಗ, ಅದರಲ್ಲೂ ನಮ್ಮ ರಸ್ತೆಗಳಲ್ಲಿ ತುಳುಕಾಡಿದಾಗ, ಬಳೆ ಸೀಳಿದ್ದರೆ ಜಿನುಗಿಯೇ ಜಿನುಗುತ್ತದೆ. ದಾವಲಸಾಬ ಸೀಟು ಎತ್ತಿದ. ಮುಚ್ಚಳದ ಸುತ್ತಲಿನ ಧೂಳು ಒದ್ದೆಯಾಗಿ ಕರ್ರಗಾಗಿತ್ತು.

ಬಸಣ್ಣ: ಆದ್ರ ಕಾರಿನ ಕೆಳಗ ಒಂದು ಹನಿನೂ ಬಿದ್ದಿಲ್ಲಲ್ಲ ಕಾಕಾ?

ದಾವಲಸಾಬ: ನೆತ್ತಿಮ್ಯಾಲೆ ಜಿನುಗಿದ್ದು ನೆಲ ಮುಟ್ಟೂದ್ರಾಗ ಹಾರಿಹೋಗತೈತಿ. ಬಿದ್ದಿಲ್ಲ ಅಂದ್ರ ಸೋರಿಲ್ಲ ಅಂತಲ್ಲ.

ಬಸಣ್ಣ: ಕಂಪ್ಯೂಟರ್ ಹಚ್ಚಿ ನೋಡಿದ್ರ?

ದಾವಲಸಾಬ: ಕಂಪ್ಯೂಟರಿಗೆ ಮೂಗಿಲ್ಲೋ ಮಾರಾಯ.

ಬಸಣ್ಣ: ಹಂಗಾರ ಇದು ಎಥೆನಾಲ್ ಕಾರಬಾರು. ನಾ ಮಾರಿದ ಗೋವಿನಜೋಳನ ಸ್ಪಿರಿಟ್ ಆಗಿ, ನನ್ನ ಟ್ಯಾಂಕಿಗೇ ಬಂದು, ನನಗ ನಾರಾಕತ್ತೈತಿ!

ಬಸಣ್ಣನ ಈ ಆಕ್ಷೇಪಣೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಪೆಟ್ರೋಲಿಗೆ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು; 2025ರಲ್ಲೇ ಮುಟ್ಟಿದೆವು ಎಂದು ಸರ್ಕಾರ ಹೇಳಿತು. 35 ಲೀಟರಿನ ಟ್ಯಾಂಕಿಗೆ 7 ಲೀಟರು ಅದೇ ಆಯಿತು. ಕಬ್ಬಿನ ಜೊತೆ ಗೋವಿನಜೋಳದಿಂದಲೂ ಅದನ್ನು ತೆಗೆಯುತ್ತಾರೆ, ಹಾವೇರಿ ಜಿಲ್ಲೆಗೆ ಗೋವಿನಜೋಳದ ಭಾಷ್ಯ ಬೇಕಿಲ್ಲ. ಹಳೆಯ ಕಾರುಗಳ ರಬ್ಬರಿಗೆ ಎಥೆನಾಲ್ ಅಷ್ಟಾಗಿ ಒಗ್ಗುವುದಿಲ್ಲ ಎಂಬುದೂ ಹೌದು. ಆದರೆ ಇದು ರಬ್ಬರ್ ಯಾಕೆ ಕೆಟ್ಟಿತು ಅನ್ನುವುದಕ್ಕೆ ಕಾರಣವಾದೀತೇ ಹೊರತು ಯಾವ ರಬ್ಬರ್ ಕೆಟ್ಟಿತು ಅನ್ನುವುದಕ್ಕೆ ಉತ್ತರವಲ್ಲ. ಕ್ಯಾಪಿನ ವಾಷರು, ಇಂಜಿನ್ನಿನ ಪೈಪು, ಪಂಪಿನ ಬಳೆ ಎಲ್ಲ ಕುಡಿಯುವುದು ಒಂದೇ ಪೆಟ್ರೋಲು. ಅಪರಾಧಿ ಎಲ್ಲ ಮನೆಗೂ ಹೋಗಿಬಂದಿದ್ದಾನೆ ಅಂದಮೇಲೆ ಕಳವು ಯಾವ ಮನೆಯಲ್ಲಾಯಿತು ಎಂದು ಹೇಳುವುದು ಮತ್ತೆ ನೀಲವ್ವನ ಪಂಚಾಂಗವೇ.

ನೀಲವ್ವ: ಇನ್ನ ಮ್ಯಾಲೆ ಪೂರ್ತಿ ತುಂಬಿಸಲಿಲ್ಲ ಅಂದ್ರ ನಡೀತೈತೇನ್ರಿ ಸಾಬರ?

ದಾವಲಸಾಬ: ವಾಸನಿ ಕಮ್ಮಿ ಆದೀತ್ರಿ ಅಕ್ಕಾರ, ಸೀಳಿದ್ದು ಕೂಡಂಗಿಲ್ಲ. ಬಸಣ್ಣ, ಪೆಟ್ರೋಲ್ ಹಾಕೂ ಗನ್ನು ಟಕ್ ಅಂದಮ್ಯಾಲೆ ರೌಂಡ್ ಫಿಗರ್ ಮಾಡ್ರಿ ಅಂತ ಹುಡುಗಗ ಗಂಟಬೀಳೂದು ಬಿಡು. ಹಂಗ ತುರುಕಿದ ಪೆಟ್ರೋಲ್ ಇದ್ದಲಿ ಡಬ್ಬಿಗೆ ಹೋಗಿ ಅದನ್ನೂ ಕೆಡಸತೈತಿ.

ಬಸಣ್ಣ: ಈಗ ಹಳೇ ಬಳಿನ ತಿರುವಿ ಹಾಕಿದ್ರ ನಡಿಯಂಗಿಲ್ಲೇನು?

ದಾವಲಸಾಬ: ಇಲ್ಲ. ಹೊಸದ ಬೇಕು. ಶಿಗ್ಗಾವ್ಯಾಗ ಕೇಳು, ಸಿಗಲಿಲ್ಲಂದ್ರ ಹುಬ್ಬಳ್ಳಿಗೆ ಹೋಗು. ಬಸ್ಸಿಗೆ ಹೋಗು.